ಸಾಲು ಡೊಂಕಾಗಿ ಕಂಡ ಭಾನುವಾರ

ನಾನು ಶಹಾಪುರದ ಹೈಸ್ಕೂಲೊಂದರಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ನನ್ನ ಗಂಡ ದಿನಾ ಬೈಕಿನಲ್ಲಿ ಸುರಪುರಕ್ಕೆ ಹೋಗಿ ಡಿಪ್ಲೊಮಾ ಹುಡುಗರಿಗೆ ಅದೇ ವಿಷಯ ಹೇಳಿಕೊಡುತ್ತಿದ್ದರು. ಈ ವರ್ಷ ಅವರ ಪಾಠಕ್ಕೆ ಕುಬರ್ನೆಟಿಸ್ ಸೇರಿತು. ಒಂದೊಂದು ಪ್ರೋಗ್ರಾಮನ್ನು ಕಂಟೇನರ್ ಎಂಬ ಒಂದೊಂದು ಪ್ರತ್ಯೇಕ ಡಬ್ಬಿಯಲ್ಲಿಟ್ಟು, ಯಾವುದಾದರೂ ನಿಂತರೆ ತಾನೇ ಮತ್ತೆ ಎಬ್ಬಿಸುವ ವ್ಯವಸ್ಥೆ ಅದು. ಲ್ಯಾಬಿನಲ್ಲಿ ಮಾಡಿಸುವ ಮೊದಲು ಮನೆಯಲ್ಲೇ ಮಾಡಿ ನೋಡಬೇಕೆಂದು ಒಂದು ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಹಿಡಿದು ಕೂತರು.

ಮೊದಲ ಭಾಗ ಸರಾಗವಾಗಿ ಮುಗಿಯಿತು. ಲ್ಯಾಪ್‌ಟಾಪಿನೊಳಗೇ ಇನ್ನೊಂದು ಕಂಪ್ಯೂಟರಿನಂತೆ ನಡೆಯುವ ವರ್ಚುವಲ್ ಮೆಷಿನ್ ಮಾಡಿ, ಅರ್ಧ ಮೆಮೊರಿ ಅದಕ್ಕೆ ಕೊಟ್ಟು, ಲಿನಕ್ಸ್, ಅದರ ಮೇಲೆ ಕುಬರ್ನೆಟಿಸ್ ಹಾಕಿದರು. ತೊಡಕಾದದ್ದು ಯಾವ ಕಂಟೇನರ್ ಹೇಗೆ ನಡೆಯಬೇಕೆಂದು ಬರೆಯುವ ಫೈಲಿನಲ್ಲಿ. ಅಲ್ಲಿ ಸಾಲಿನ ಮುಂದೆ ಬಿಡುವ ಜಾಗ ಒಂದು ಸ್ಪೇಸ್ ಹೆಚ್ಚುಕಡಿಮೆಯಾದರೂ ಕೆಲಸ ಕೆಡುತ್ತದೆ.

ರೊಟ್ಟಿ ಬಡಿಯುತ್ತಿದ್ದ ನನಗೆ ಅವರ ಬೈಗುಳ ಕೇಳಿಸಿತು. ಹೋಗಿ ನೋಡಿದರೆ ಒಂದು ಸಾಲು ಒಳಗೆ ಸರಿದಿತ್ತು. ಹಿಟ್ಟಿನ ಕೈ ಒರೆಸಿಕೊಂಡು ಸರಿಮಾಡಿ ಬಂದೆ. ಸ್ವಲ್ಪ ಹೊತ್ತಿಗೆ ಬೇರೊಂದು ಸಾಲಿನಲ್ಲಿ ಮತ್ತೆ ಅದೇ ತಪ್ಪು. ಹುಡುಗರು ಬರೆದದ್ದರಲ್ಲಿ ಒಂದು ಚುಕ್ಕಿ ಬಿಟ್ಟುಹೋಗಿದ್ದರೂ ದೂರದಿಂದಲೇ ಹಿಡಿಯುತ್ತಿದ್ದ ಮನುಷ್ಯ.

"ಇದು ಕಾಣವಲ್ದೇನ್ರಿ ನಿಮಗ?"

"ಕಾಣ್ತದ. ಈ ಸ್ಕ್ರೀನೇ ಹಾಳಾಗ್ಯಾದ. ಸಾಲು ನಡುವ ಡೊಂಕ ಆಗ್ತಾವ."

ಸಾಲುಗಳು ನೆಟ್ಟಗೇ ಇದ್ದವು. ಗೋಡೆಯ ಕ್ಯಾಲೆಂಡರ್ ತೆಗೆದು ಅವರ ಮುಂದೆ ಹಿಡಿದೆ.

"ಒಂದೊಂದೇ ಕಣ್ಣು ಮುಚ್ಚಿ ಇದರ ಗೆರಿ ನೋಡ್ರಿ."

ಬಲಗಣ್ಣು ಮುಚ್ಚಿ ನೋಡಿದರು. ಆಮೇಲೆ ಮೆಲ್ಲಗೆ, "ಇದೂ ಡೊಂಕ ಅದ," ಎಂದರು.

"ಯಾವಾಗಿಂದ?"

"ದೀಪಾವಳಿ ಆದಮ್ಯಾಲಿಂದ."

"ಹಿಂಗಿದ್ದೂ ದಿನಾ ಬೈಕ್ ಹೊಡದೀರಲ್ರಿ! ಹತ್ತಿ ಲಾರಿ ಎದುರು ಬರೋ ರೋಡ್ ಅದು."

"ಇನ್ನೊಂದು ಕಣ್ಣು ಛಲೋ ಅದಲ್ಲ," ಎಂದು ನನ್ನ ಮೇಲೇ ರೇಗಿದರು. ಅಂದು ಮಧ್ಯಾಹ್ನ ಇಬ್ಬರೂ ಸರಿಯಾಗಿ ಉಣ್ಣಲಿಲ್ಲ.

ಕಲಬುರಗಿಯ ಡಾಕ್ಟರು ಅವರ ಹಳೇ ಸಕ್ಕರೆ ಕಾಯಿಲೆಯಿಂದ ಎಡಗಣ್ಣಿನ ಹಿಂದಿನ ಪರದೆಯಲ್ಲಿ ನೀರು ತುಂಬಿದೆ ಎಂದರು. ಬಲಗಣ್ಣಿನಲ್ಲೂ ಶುರುವಾಗಿತ್ತಂತೆ. "ಕೆಡೋದನ್ನ ತಡೀಲಿಕ್ಕೆ ನೋಡೋಣ. ಮೊದಲಿನಂಗ ಆಗ್ತದ ಅಂತ ಹೇಳಾಕ ಬರಂಗಿಲ್ಲ," ಎಂದು ಕಣ್ಣಿಗೇ ಇಂಜೆಕ್ಷನ್ ಕೊಟ್ಟರು. ವಾಪಸು ಬರುವ ಬಸ್ಸಿನಲ್ಲಿ ಅವರು ನನ್ನ ಕೈ ಬಿಡಲಿಲ್ಲ. ಮದುವೆಯಾದಾಗಿನಿಂದ ನಾಲ್ಕು ಜನರೆದುರು ಹಾಗೆ ಕೈ ಹಿಡಿದದ್ದೇ ಇರಲಿಲ್ಲ.

ಉಳಿದ ಕೆಲಸವನ್ನು ಮುಂದಿನ ವಾರ ಇಬ್ಬರೂ ಕೂಡಿ ಮುಗಿಸಿದೆವು. ಅವರು ಕಣ್ಣು ಮುಚ್ಚಿ ನೆನಪಿನಿಂದ ಹೇಳುತ್ತ ಹೋದರು, ನಾನು ಟೈಪ್ ಮಾಡಿದೆ.

"ಎರಡು ಸ್ಪೇಸ್ ಒಳಗ ತೊಗೊ. ಹಾಂ, ಈಗ ಎಂಟರ್ ಹೊಡಿ. ಏನು ಬಂತು?"

"ಎಲ್ಲಾ ಕಂಟೇನರ್ ನಡದಾವ್ರಿ."

"ಒಂದನ್ನ ಬೇಕಂತಲೇ ತೆಗದು ನೋಡು."

ತೆಗೆದೆ. ಅದರ ಜಾಗದಲ್ಲಿ ಇನ್ನೊಂದು ಎದ್ದಿತು. "ಮುಗೀತು," ಎಂದರು. ದನಿಯಲ್ಲಿ ಸಂತೋಷವಿರಲಿಲ್ಲ.

ಈಗ ಅವರು ಬಸ್ಸಿನಲ್ಲಿ ಹೋಗುತ್ತಾರೆ. ಬೈಕ್ ರಿಪೇರಿಗೆ ಬಿಟ್ಟಿದ್ದೇನೆಂದು ಕಾಲೇಜಿನಲ್ಲಿ ಹೇಳಿದ್ದಾರಂತೆ. ಕಣ್ಣಿನ ಸುದ್ದಿ ಪ್ರಿನ್ಸಿಪಾಲರಿಗೆ ತಿಳಿಸಿಬಿಡ್ರಿ ಎಂದರೆ, "ಲ್ಯಾಬ್ ಕಸಗೊಂಡ್ರ ನಾ ಏನು ಮಾಡ್ಲಿ?" ಎನ್ನುತ್ತಾರೆ. ಮುಂದಿನ ಇಂಜೆಕ್ಷನ್ ಯುಗಾದಿಯ ನಂತರ ಇದೆ.