ಕಾಲು ಇಳಿಬಿಡುವ ಕುರ್ಚಿ

ಘೋಡಗೇರಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಮೋನಪ್ಪ ಬಡಿಗೇರರ ಛಪ್ಪರದಿಂದ ಆಗಲೇ ಉಳಿಗೆ ಬೀಳುವ ಕೊಡತಿಯ ಸಪ್ಪಳ ಕೇಳುತ್ತಿದೆ. ಸಾಗವಾನಿ ಹಲಗೆಯನ್ನು ಎರಡೂ ಪಾದಗಳ ನಡುವೆ ಒತ್ತಿ ಹಿಡಿದು, ಸಣ್ಣ ಉಳಿಯಿಂದ ಕುರ್ಚಿಯ ಬೆನ್ನಿಗೆ ಬಳ್ಳಿ ಕೊರೆಯುತ್ತಿದ್ದಾರೆ. ಆಗಾಗ ಉಳಿ ಕೆಳಗಿಟ್ಟು ಎಲೆಯ ಅಂಚನ್ನು ಹೆಬ್ಬೆರಳಿನಿಂದ ಸವರುತ್ತಾರೆ. ಈಗೀಗ ಅವರಿಗೆ ಕಣ್ಣಿಗಿಂತ ಬೆರಳಿನ ಮೇಲೆಯೇ ನಂಬಿಕೆ.

ಕೆತ್ತನೆಯ ಕುರ್ಚಿ ಕೇಳಿ ಬರುವವರಿಲ್ಲ. ಗೋಕಾಕದ ಪೇಟೆಗೆ ಮಡಚುವ ಕಬ್ಬಿಣದ ಕುರ್ಚಿಗಳು ಬಂದಿವೆ. ಪಂಚಾಯತಿ ಆಫೀಸಿಗೂ ಅವೇ. ಮೋನಪ್ಪನವರ ಪಾಲಿಗೆ ಉಳಿದದ್ದು ಕುಂಟೆ, ಕೂರಿಗೆ, ಬಾಗಿಲ ರಿಪೇರಿ. ಅವರ ತಮ್ಮ ತನ್ನ ಉಳಿಗಳನ್ನು ಮಾರಿ ಗಿರಣಿ ಸೇರಿದ. “ಅವಗ ಪಗಾರ ಐತ್ರಿ, ನನಗ ಕಟಗಿ ಐತಿ” ಎಂದು ಕೇಳಿದವರಿಗೆ ಹೇಳಿ ನಗುತ್ತಾರೆ. ನಗು ಕೆಮ್ಮಾಗುತ್ತದೆ.

ಈ ಕುರ್ಚಿ ಕೇಳಿದವರು ಅದೇ ಓಣಿಯ ರೈತ, ಅವರ ಬಾಲ್ಯದ ಗೆಳೆಯ ವೀರಪ್ಪ. “ಜಲ್ಮೆಲ್ಲಾ ನೆಲಕ್ಕ ಕುಂತೆ, ಸಾಹೇಬರ ಮುಂದ ಕುಕ್ಕರಗಾಲಿಲೆ ಕುಂತೆ. ಒಮ್ಮೆ ಕಾಲ ಇಳಿಬಿಟ್ಟು ಕುಂದರಬೇಕಲೋ” ಎಂದಿದ್ದರಂತೆ. ಮೊಣಕಾಲಿನಿಂದ ಹಿಮ್ಮಡಿಗೆ ಹಗ್ಗ ಹಿಡಿದು ಅಳತೆ ತಕ್ಕೊಂಡದ್ದಾಯಿತು. ಅಷ್ಟರಲ್ಲಿ ವೀರಪ್ಪ ಹಾಸಿಗೆ ಹಿಡಿದರು.

ಬಿಸಿಲೇರುವ ಹೊತ್ತಿಗೆ ವೀರಪ್ಪನವರ ಮಗ ಸತ್ಯಪ್ಪ ಬರುತ್ತಾನೆ. ಕೂತುಕೊಳ್ಳುವುದಿಲ್ಲ.

“ಕಾಕಾ, ಕುಂದರೂ ಹಲಗಿ ಇನ್ನೊಂದ ಗೇಣು ಅಗಲ ಮಾಡ್ರಿ. ಕುರ್ಚಿಗೆ ಕೈ ಇಡೂ ತೋಳ ಹಚ್ಚಬ್ಯಾಡ್ರಿ.”

“ಯಾಕ ತಮ್ಮಾ? ನಿಮ್ಮಪ್ಪ ದಪ್ಪ ಆಗ್ಯಾನೇನು?”

“ದಪ್ಪ ಎಲ್ಲೀದ್ರಿ. ಗಂಜಿ ಸುದ್ದಾ ಇಳೀವಲ್ದು.”

ಕೊಡತಿ ನಿಲ್ಲುತ್ತದೆ. ಆ ಮನೆಯಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ; ಕಾಲು ಮಡಚಿ ಕೂಡಿಸಿ, ವಿಭೂತಿ ಹಚ್ಚಿ, ಹೂವೇರಿಸಿ ಒಯ್ಯುತ್ತಾರೆ. ಮಡಚಿದ ಕಾಲಿಗೆ ಅಗಲ ಬೇಕು.

“ಅವ ಇನ್ನೂ ಉಸರಾಡಾಕತ್ತಾನ. ನೀ ಹೆಣದ ಅಳತಿ ತಂದಿ?”

“ಡಾಕ್ಟರ್ ಕೈ ಬಿಟ್ಟಾರ್ರಿ ಕಾಕಾ. ಎರಡೆರಡು ಮಾಡಸೂದು ಯಾಕ ಅಂತ...” ಸತ್ಯಪ್ಪ ಕಣ್ಣು ಒರೆಸಿಕೊಳ್ಳುತ್ತಾನೆ.

ಮೋನಪ್ಪನವರ ದನಿ ಇಳಿಯುತ್ತದೆ. “ಅದಕ್ಕ ಬ್ಯಾರೆ ಹಲಗಿ ಹೊಡದ ಕೊಡ್ತೇನಿ, ಪುಕ್ಕಟ. ಇದು ಮಾತ್ರ ಅವನ ಅಳತೀದ.”

ಸತ್ಯಪ್ಪ ಹೋದ ಮೇಲೆ ಮೋನಪ್ಪ ಮತ್ತೆ ಉಳಿ ಎತ್ತಿಕೊಳ್ಳುತ್ತಾರೆ. ಇನ್ನೂ ಕೀಲು ಕೂಡಿಸಬೇಕು, ಅಂಟು ಒಣಗಬೇಕು. ಉಳಿಯನ್ನು ಕಲ್ಲಿಗೆ ಮಸೆಯುತ್ತ ತಮ್ಮಷ್ಟಕ್ಕೆ ಎಂಬಂತೆ ಹೇಳುತ್ತಾರೆ:

“ನಾಳೆ ಸಂಜೀತನಕ ಅವ ತಡದರ ಸಾಕು. ಒಮ್ಮೆ ಕುಂತು, ‘ಲೇ ಮೋನ್ಯಾ, ಬೆನ್ನಿಗೆ ಚುಚ್ಚತೈತಲೋ’ ಅಂತ ಬೈಲಿ ನನ್ನ.”