ಕೊನೆ ಹೇಳಬಾರದು

ನಮ್ಮ ಭಾವ ಆಸ್ಪತ್ರೆಯಲ್ಲಿ ಲಿಫ್ಟ್ ನಡೆಸುತ್ತಾರೆ. ನಾನು ಅದೇ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹಾಸಿಗೆ ಚಾದರ ಒಗೆದು ಮಡಚುವವಳು. ಲಿಫ್ಟಿನ ಮೂಲೆಯ ಸ್ಟೂಲೇ ಭಾವನ ಅರಮನೆ. ಕಾಲ ಬುಡದಲ್ಲಿ ನೀರಿನ ಬಾಟಲಿ, ತೊಡೆಯ ಮೇಲೆ ಕಾಮಿಕ್ಸ್. ಐವತ್ತು ದಾಟಿದ ಗಂಡಸು ಚಿತ್ರದ ಪುಸ್ತಕ ಓದುತ್ತಾನಲ್ಲ ಎಂದು ನರ್ಸುಗಳು ಕಿಸಕ್ಕನೆ ನಗುತ್ತಿದ್ದರು. ಭಾವನಿಗೆ ಅವರ ಗೊಡವೆಯೇ ಇಲ್ಲ. ಸ್ಟ್ರೆಚರ್ ಬಂದರೆ ಪುಸ್ತಕವನ್ನು ಅಂಗಿಯೊಳಗೆ ತುರುಕಿ ಎದ್ದು ನಿಲ್ಲುವರು, ಅದು ಇಳಿದುಹೋದರೆ ಮತ್ತೆ ತೆಗೆಯುವರು. ಅರ್ಧ ಹೊಡೆದಾಟ ಎರಡನೇ ಮಹಡಿಯಲ್ಲಿ, ಉಳಿದರ್ಧ ಐದನೆಯದರಲ್ಲಿ.

ಅವರನ್ನು ಕಾಮಿಕ್ಸ್ ಓದುವವರ ಗುಂಪಿಗೆ ಸೇರಿಸಿದ್ದು ಒಬ್ಬ ಮೇಷ್ಟ್ರು. ಕಾಲೇಜಿನಲ್ಲಿ ಪಾಠ ಹೇಳುವವರು. ತಂದೆಯನ್ನು ನೋಡಲು ಆಸ್ಪತ್ರೆಗೆ ಬಂದಾಗ ಭಾವನ ಕೈಲಿದ್ದ ಪುಸ್ತಕ ಕಂಡು, "ಓಹೋ, ನೀವೂ ನಮ್ಮವರೇ!" ಅಂದರಂತೆ. ಆ ಮಾತನ್ನು ಭಾವ ಮನೆಯಲ್ಲಿ ಹೇಳಿದ್ದೇ ಹೇಳಿದ್ದು, ಕೇಳಿ ಕೇಳಿ ನಮಗೆ ಕಿವಿ ತೂತಾಯಿತು. ಭಾನುವಾರ ಒಂದು ಫೋಟೋ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಮೇಷ್ಟ್ರು, ಒಬ್ಬ ಹಲ್ಲಿನ ಡಾಕ್ಟರು, ಸ್ಟುಡಿಯೋದವನು ಸೇರುತ್ತಿದ್ದರು. ಈಚೆಗೆ ಏನು ಓದಿದೆ, ಚಿತ್ರ ಹೇಗಿತ್ತು, ಕತೆ ಎಲ್ಲಿ ಸೊರಗಿತು ಎಂದು ಒಬ್ಬೊಬ್ಬರಾಗಿ ಹೇಳಬೇಕು. ಅಲ್ಲಿ ಇದ್ದದ್ದು ಒಂದೇ ನಿಯಮ. ಪುಸ್ತಕದ ಕೊನೆ ಹೇಳಬಾರದು. ಬಾಯಿ ತಪ್ಪಿ ಹೇಳಿದವರು ಮುಂದಿನ ಭಾನುವಾರ ಮಾತಾಡುವ ಹಾಗಿಲ್ಲ.

ಭಾವನಿಗೆ ಆ ಶಿಕ್ಷೆಯ ಭಯವೇನೂ ಇರಲಿಲ್ಲ, ಮಾತಾಡುವ ಸರದಿಯೇ ಬರುತ್ತಿರಲಿಲ್ಲವಲ್ಲ! ಹೊಸ ಪುಸ್ತಕ ಮೊದಲು ಮೇಷ್ಟ್ರಿಗೆ, ಆಮೇಲೆ ಡಾಕ್ಟರಿಗೆ, ಆಮೇಲೆ ಸ್ಟುಡಿಯೋದವನಿಗೆ. ಅದು ಮೂಲೆ ಮಡಚಿಕೊಂಡು ಭಾವನ ಕೈಗೆ ಬರುವಷ್ಟರಲ್ಲಿ ಮಾತೆಲ್ಲ ಮುಗಿದು ಹಳಸಿರುತ್ತಿತ್ತು. ಬಾಯಿ ತೆರೆದರೆ, "ಅದು ಹೋದ ತಿಂಗಳೇ ಆಯ್ತಲ್ಲ ಲಿಫ್ಟಣ್ಣ" ಅನ್ನುವರು. ಕುರ್ಚಿ ಹಾಕಲು, ಚಹಾ ತರಲು ಮಾತ್ರ ಲಿಫ್ಟಣ್ಣ ಬೇಕು. ನಾನಾಗಿದ್ದರೆ ಆ ಹೊಸ್ತಿಲು ಮತ್ತೆ ತುಳಿಯುತ್ತಿರಲಿಲ್ಲ. ಭಾವ ಮಾತ್ರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗುತ್ತಲೇ ಇದ್ದರು.

ಹೀಗಿರುವಾಗ ನಮ್ಮಕ್ಕ ಹಾಸಿಗೆ ಹಿಡಿದಳು. ದೊಡ್ಡ ಕಾಯಿಲೆ. ಡ್ರಿಪ್ ಹಾಕಿ ಔಷಧಿ ಏರಿಸುತ್ತಿದ್ದರು. ಎರಡನೇ ಸಲಕ್ಕೇ ತಲೆಗೂದಲು ಕೈಗೆ ಬಂತು. "ಸತ್ರೆ ಸಾಯ್ತೀನಿ ಬಿಡು, ಆ ಸೂಜಿ ಮಾತ್ರ ಇನ್ನು ಬೇಡ" ಎಂದು ಗೋಡೆ ಕಡೆ ಮುಖ ಮಾಡಿ ಮಲಗಿದಳು. ನಾನು ಬೈದೆ, ಅತ್ತೆ, ಗೋಗರೆದೆ. ಊಹೂಂ. ಪೂರ್ತಿ ಮಾಡಿಸಿಕೊಂಡರೆ ಉಳಿಯುವ ಆಸೆ ಇದೆ, ನಡುವೆ ಬಿಟ್ಟರೆ ಕೈಮೀರುತ್ತದೆ ಎಂದು ದೊಡ್ಡ ಡಾಕ್ಟರು ಹೇಳಿದ್ದನ್ನು ಹೇಳಿದೆ. ಅದಕ್ಕೂ ಅವಳು ಜಪ್ಪಯ್ಯ ಅನ್ನಲಿಲ್ಲ.

ಅದೇ ವಾರ ಮೇಷ್ಟ್ರು ತಾವು ಓದಿದ ಹೊಸ ಪುಸ್ತಕವೊಂದನ್ನು ಮೊತ್ತಮೊದಲ ಬಾರಿಗೆ ನೇರ ಭಾವನ ಕೈಗೆ ಕೊಟ್ಟರು. ಹಲ್ಲಿನ ಡಾಕ್ಟರು ಊರಲ್ಲಿರಲಿಲ್ಲ, ಸ್ಟುಡಿಯೋದವನಿಗೆ ಮದುವೆ ಫೋಟೋಗಳ ಗಡಿಬಿಡಿ, ಅದಕ್ಕೆ. "ಈ ಸಲ ನೀವೇ ಹೇಳ್ಬೇಕು" ಅಂದರಂತೆ. ದೂರದ ದೇಶದ್ದು, ಒಂದಕ್ಷರವೂ ಇಲ್ಲದ, ಬರೀ ಚಿತ್ರಗಳ ಕಾಮಿಕ್ಸ್. ಮೇಷ್ಟ್ರು ತಮ್ಮ ಪುಸ್ತಕಗಳಿಗೆಲ್ಲ ಕಂದು ಕಾಗದದ ಹೊದಿಕೆ ಹಾಕುವವರು. ಹಿಂದೆ ಮುಂದೆ ಎರಡೂ ಒಂದೇ.

ಭಾವ ಅದನ್ನು ಅಕ್ಕನಿಗೆ ಓದಿ ಹೇಳತೊಡಗಿದರು. ಡ್ಯೂಟಿ ಮುಗಿಸಿ ಬಂದು ಮಂಚದ ಪಕ್ಕ ಕೂತು ಒಂದೊಂದು ಚಿತ್ರಕ್ಕೂ ಬೆರಳಿಡುವರು. ಶುರುವಿನಲ್ಲೇ ಯಾರನ್ನೋ ಮಣ್ಣು ಮಾಡುವ ಚಿತ್ರ. "ಇವಳ ತಾಯಿ ಇರ್ಬೇಕು, ಪಾಪ" ಅಂದರು. ಮುಂದೆ ಒಬ್ಬ ಹೆಂಗಸು ಆಸ್ಪತ್ರೆ ಮಂಚದ ಮೇಲೆ, ಬೋಳು ತಲೆ, ಮೂಳೆ ಚಕ್ಕಳ. ಅಕ್ಕ ಗೋಡೆ ಬಿಟ್ಟು ಈ ಕಡೆ ತಿರುಗಿದ್ದು ಆಗ. ಪುಟ ತಿರುವುತ್ತ ಹೋದಂತೆ ಆ ಹೆಂಗಸಿಗೆ ಕೂದಲು ಬಂತು, ಕೂದಲು ಜಡೆಯಾಯಿತು. ಮಂಚ ಬಿಟ್ಟು ಎದ್ದಳು, ಅಡುಗೆ ಮಾಡಿದಳು, ಸೈಕಲ್ ಹತ್ತಿದಳು. "ನೋಡೇ, ಕಾಯಿಲೆ ಹೋಗಿದ್ದೇ ತಡ, ವಯಸ್ಸೇ ಇಳಿದುಬಿಟ್ಟಿದೆ ಅವಳಿಗೆ!" ಎಂದು ಭಾವ ಹಿಗ್ಗಿದರು.

ಮಾರನೇ ಬೆಳಿಗ್ಗೆ ಅಕ್ಕ ತಾನಾಗಿಯೇ ಚಪ್ಪಲಿ ಹುಡುಕಿದಳು. "ಏಳೇ, ಹೋಗೋಣ. ಅವಳಿಗೆ ಬಂದ ಕೂದಲು ನಂಗೇನು ಬರಲ್ವಾ?" ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ, ಎಲ್ಲಿ ಅತ್ತುಬಿಡುತ್ತೇನೋ ಎಂದು. ಅವತ್ತು ಭಾವ ನಡುವಿನ ಯಾವ ಮಹಡಿಯಲ್ಲೂ ಲಿಫ್ಟ್ ನಿಲ್ಲಿಸಲಿಲ್ಲ. ಇನ್ನೆರಡು ಸಲ ಡ್ರಿಪ್ ಹಾಕುವುದು ಉಳಿದಿತ್ತು. ಪುಸ್ತಕದ ಕೊನೆಯ ನಾಲ್ಕಾರು ಪುಟಗಳನ್ನು ಅಕ್ಕ ತಡೆದಳು. "ಈಗ್ಲೇ ಹೇಳ್ಬೇಡಿ ರೀ. ನಂದೆಲ್ಲ ಮುಗಿದ ದಿನ ನೋಡ್ತೀನಿ."

ಮುಂದಿನ ಡ್ರಿಪ್ ಮಂಗಳವಾರ. ಅದಕ್ಕೆ ಮೊದಲಿನ ಭಾನುವಾರ ಭಾವ ಗುಂಪನ್ನು ಮನೆಗೇ ಕರೆದರು. ಅಕ್ಕನನ್ನು ಬಿಟ್ಟು ಹೋಗುವ ಹಾಗಿರಲಿಲ್ಲ ಅನ್ನುವುದು ನೆಪ. ಗಂಡ ಮಾತಾಡುವುದನ್ನು ಹೆಂಡತಿ ಒಂದು ಸಲವಾದರೂ ನೋಡಲಿ ಅನ್ನುವುದು ಒಳಗಿನ ಆಸೆ. ಪಕ್ಕದ ಮನೆಯಿಂದ ಕುರ್ಚಿ ತಂದೆ. ಇರುವುದೊಂದೇ ಕೋಣೆ. ಅಕ್ಕ ತಲೆಗೆ ಬಟ್ಟೆ ಕಟ್ಟಿಕೊಂಡು ಮಂಚದ ಮೇಲೆ ದಿಂಬಿಗೊರಗಿ ಕೂತಳು. ಅವರು ಮೂವರೂ ಅವಳಿಗೆ ನಮಸ್ಕಾರ ಎಂದವರು ಆಮೇಲೆ ಆ ಕಡೆ ತಿರುಗಿದ್ದು ಕಾಣೆ.

ಭಾವ ಎದ್ದು ನಿಂತು, ಪುಟ ತಿರುವಿ ತೋರಿಸುತ್ತ ಹೇಳಿದರು. ತಾಯಿ ಸತ್ತದ್ದು, ಮಗಳು ಹಾಸಿಗೆ ಹಿಡಿದದ್ದು, ಕೂದಲು ಬಂದದ್ದು, ಸೈಕಲ್ ಹತ್ತಿದ್ದು. "ಮುಂದಿಂದು ಹೇಳಲ್ಲಪ್ಪ, ನಿಯಮ ಇದೆ" ಎಂದು ನಕ್ಕರು. ಅವರು ಪುಟ ತಿರುವುವುದನ್ನೇ ನೋಡುತ್ತಿದ್ದು ಮೊದಲು ಡಾಕ್ಟರು ಕಿಸಕ್ಕೆಂದರು. ಆಮೇಲೆ ಸ್ಟುಡಿಯೋದವನು ತೊಡೆ ತಟ್ಟಿಕೊಂಡು ನಗತೊಡಗಿದ. ತಾವು ಹೇಳಿದ ರೀತಿ ಅವರಿಗೆ ಹಿಡಿಸಿತು ಅಂದುಕೊಂಡು, ಅಯ್ಯೋ ನನ್ನ ಭಾವ, ಅವರೂ ಜೊತೆಗೆ ನಕ್ಕರು.

"ಏನ್ರೀ ಲಿಫ್ಟಣ್ಣ! ಆ ದೇಶದೋರು ನಮ್ಮ ಥರ ಓದಲ್ಲ. ಬಲಗಡೆಯಿಂದ ಶುರು ಮಾಡ್ತಾರೆ. ನೀವು ಕೊನೇ ಪುಟದಿಂದ ಹಿಂದಕ್ಕೆ ಓದಿದೀರಿ!" ಎಂದು ಮೇಷ್ಟ್ರು ಪುಸ್ತಕ ಕಿತ್ತುಕೊಂಡು ಮಗುಚಿ ಹಿಡಿದರು. ಪಾಠದ ಹುರುಪು ಹತ್ತಿಬಿಟ್ಟಿತ್ತು. "ನೋಡಿ, ಮೊದಲು ಚಿಕ್ಕ ಹುಡುಗಿ. ಸೈಕಲ್ಲು. ಅಡುಗೆಮನೆ. ಕಾಯಿಲೆ. ಕೂದಲು ಬರಲ್ಲ ಕಣ್ರೀ, ಹೋಗುತ್ತೆ. ಮಣ್ಣು ಮಾಡ್ತಿರೋದು ತಾಯೀನಲ್ಲ, ಇವಳನ್ನೇ! ಅವಳು ಸತ್ತೋಗ್ತಾಳೆ!"

ಕೈಲಿದ್ದ ಚಹಾ ತಟ್ಟೆಯನ್ನು ಅವರ ತಲೆ ಮೇಲೆ ಕುಕ್ಕಬೇಕು ಅನ್ನಿಸಿತು. ಅಷ್ಟರಲ್ಲಿ ಮಂಚದ ಮೇಲಿಂದ ಅಕ್ಕ ಮೆಲ್ಲಗೆ ಕೇಳಿದಳು.

"ಮೇಷ್ಟ್ರೇ, ಕೊನೆ ಹೇಳ್ಬಾರ್ದು ಅಂತ ನಿಮ್ಮಲ್ಲೇ ನಿಯಮ ಅಲ್ವಾ?"

ಆಗ ಕಂಡಿತು ಅವರಿಗೆ ಅವಳ ತಲೆಗೆ ಕಟ್ಟಿದ ಬಟ್ಟೆ. ಡಾಕ್ಟರಿಗೆ ಏನೋ ಕೆಲಸ ನೆನಪಾಯಿತು, ಸ್ಟುಡಿಯೋದವನಿಗೆ ಅಂಗಡಿ. ಮೇಷ್ಟ್ರು ಪುಸ್ತಕವನ್ನು ಕುರ್ಚಿಯ ಮೇಲಿಟ್ಟು ಚಪ್ಪಲಿ ಮೆಟ್ಟಿಕೊಂಡರು. "ನಿಮ್ಮ ಓದಿಗಿಷ್ಟು ಬೆಂಕಿ ಹಾಕ!" ಎಂದು ಮೆಟ್ಟಿಲ ತನಕ ಹೋಗಿ ಕೂಗಿದೆ. ಕೇಳಿಸಿರುತ್ತದೆ, ಕೇಳಿಸಲಿ.

"ಯಾವ ಕಡೆಯಿಂದ ಓದಿದ್ರೇನು, ಚಿತ್ರ ಅದೇ ತಾನೇ" ಎಂದರು ಭಾವ ಅಕ್ಕನಿಗೆ.

"ಹೂಂ ರೀ. ಚಿತ್ರ ಅದೇ" ಎಂದು ಅಕ್ಕ ಗೋಡೆಗೆ ತಿರುಗಿದಳು.

ಮಂಗಳವಾರ ಭಾವ ಮೊದಲೇ ಡ್ಯೂಟಿಗೆ ಹೋದರು. ಅಕ್ಕನನ್ನು ಕರೆತರಬೇಕಾದವಳು ನಾನು. ಅವಳು ಏಳಲಿಲ್ಲ, ಅಷ್ಟೇ. ಎಷ್ಟು ಹೇಳಿದರೂ ಏಳಲಿಲ್ಲ. ನಾನೊಬ್ಬಳೇ ಆಸ್ಪತ್ರೆಗೆ ಹೋದಾಗ ಭಾವ ಕೆಳಗಿನ ಮಹಡಿಯಲ್ಲಿ ಲಿಫ್ಟಿನ ಬಾಗಿಲಿಗೆ ಕಾಲು ಕೊಟ್ಟು ನಿಂತಿದ್ದರು. ಒಳಗಿದ್ದವರು ಬೈಯುತ್ತಿದ್ದರು, ಮೇಲಿನಿಂದ ಗಂಟೆ ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ದೂರದಿಂದ ನನ್ನನ್ನು ಕಂಡರು. ನನ್ನ ಬೆನ್ನ ಹಿಂದೆ ಹುಡುಕಿದರು. ಆಮೇಲೆ ಕಾಲು ತೆಗೆದರು.

ಕೈಮೀರುತ್ತದೆ ಅಂದಿದ್ದರು, ಕೈಮೀರಿತು. ಡ್ರಿಪ್ ಹಾಕಿಸಿದ್ದರೂ ಅವಳು ಉಳಿಯುತ್ತಿರಲಿಲ್ಲವೇನೋ ಎಂದು ಜನ ನನಗೆ ಸಮಾಧಾನ ಹೇಳಲು ಬರುತ್ತಾರೆ. ಆ ಸಮಾಧಾನ ಅವರೇ ಇಟ್ಟುಕೊಳ್ಳಲಿ.

ಕೆಲವು ವಾರ ಬಿಟ್ಟು ಮೇಷ್ಟ್ರು ಆಸ್ಪತ್ರೆಗೆ ಬಂದರು. ನಾನು ಚಾದರದ ಗಾಡಿ ಹಿಡಿದು ಲಿಫ್ಟಿನೊಳಗೇ ಇದ್ದೆ. "ಬಹಳ ಬೇಜಾರಾಯ್ತು ಲಿಫ್ಟಣ್ಣ" ಎಂದವರು ಹಣೆ ಒರೆಸಿಕೊಂಡು, "ಆ ಪುಸ್ತಕ... ಡಾಕ್ಟರಿಗೆ ಓದೋಕೆ ಬೇಕಂತೆ" ಎಂದರು. ನನ್ನ ಮೈಯೆಲ್ಲ ಉರಿಯಿತು. ಭಾವ ಮಾತ್ರ ಸ್ಟೂಲಿನ ಕೆಳಗಿನ ಚೀಲದಿಂದ ಅದನ್ನು ತೆಗೆದು, ಹೊದಿಕೆಯ ಧೂಳು ಒರೆಸಿ, ಎರಡೂ ಕೈಯಲ್ಲಿ ಕೊಟ್ಟರು.

ಏನಾದರೂ ಮಾತಾಡಬೇಕಲ್ಲ, ಮೇಷ್ಟ್ರು ಕೇಳಿದರು, "ಆಮೇಲೆ ಸರಿಯಾದ ಕಡೆಯಿಂದ ಓದಿದ್ರಾ?"

"ಓದ್ಲಿಲ್ಲ ಸಾರ್" ಎಂದರು ಭಾವ. "ಮನೇಲೇ ಕಣ್ಣಾರೆ ನೋಡ್ಬಿಟ್ಟೆ. ಎಷ್ಟನೇ ಮಹಡಿ?"