ಗೆರಿ ಎರಡು

ಸತ್ತವರು ಬಂದು ಮಾತಾಡುತ್ತಾರೆ ಎಂಬಂಥ ಸಂಗತಿಗಳನ್ನು ನಾನು ನಂಬುವವಳಲ್ಲ. ಮಾನ್ವಿಯಲ್ಲಿ ನಮ್ಮ ಓಣಿಯ ಹೆಂಗಸರು ಸಂಜೆ ಕಟ್ಟೆಯ ಮೇಲೆ ಕೂತು ಅಂಥ ಕಥೆ ಶುರು ಮಾಡಿದರೆ ಎದ್ದು ಹೋಗುತ್ತಿದ್ದೆ. ಹೋಗುವಾಗ "ನಿಮಗ ಬ್ಯಾರೆ ಕೆಲಸ ಇಲ್ಲೇನ್ರಿ" ಎಂದು ಒಂದು ಮಾತು ಅಂದೂ ಬಿಡುತ್ತಿದ್ದೆ. ಅದಕ್ಕೇ ಇದನ್ನು ಇಲ್ಲಿಯವರೆಗೆ ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ. ಬಿಟ್ಟರೆ ಅವರು ನನ್ನನ್ನು ಸುಮ್ಮನೆ ಬಿಡುತ್ತಾರೆಯೇ?

ಇಂಥ ಕಥೆಗಳಲ್ಲಿ ರಾತ್ರಿ ಇರುತ್ತದೆ, ಗಾಳಿ ಇರುತ್ತದೆ, ನಾಯಿ ಊಳಿಡುತ್ತದೆ. ನನ್ನದರಲ್ಲಿ ಅದ್ಯಾವುದೂ ಇಲ್ಲ. ನಡೆದದ್ದು ರಾಯಚೂರಿನಲ್ಲಿ, ಮೇ ತಿಂಗಳ ಒಂದು ಭಾನುವಾರ, ಮಟಮಟ ಮಧ್ಯಾಹ್ನ. ರಾಯಚೂರಿನ ಬಿಸಿಲು ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ನನ್ನ ಕೆಲಸ ಡೇಟಾಬೇಸ್ ಸರ್ವರ್‌ಗಳನ್ನು, ಅಂದರೆ ಒಂದು ಸಂಸ್ಥೆಯ ಮಾಹಿತಿಯನ್ನೆಲ್ಲ ಕೂಡಿಟ್ಟ ಕಂಪ್ಯೂಟರುಗಳನ್ನು, ನೋಡಿಕೊಳ್ಳುವುದು. ಊರಿನ ಎರಡು ಆಸ್ಪತ್ರೆ, ಒಂದು ಕಾಲೇಜು, ಒಂದು ಬೀಜದ ಕಂಪನಿ ನನ್ನ ಪಾಲಿಗಿವೆ. ಎಲ್ಲ ಸರಿಯಿದ್ದರೆ ನಾನೊಬ್ಬಳು ಇದ್ದೇನೆಂಬುದೇ ಯಾರಿಗೂ ನೆನಪಿರುವುದಿಲ್ಲ. ಕೆಟ್ಟಾಗ ಮಾತ್ರ ಫೋನ್ ಬರುತ್ತದೆ. ಮದುವೆಯಾಗಿಲ್ಲ, ರಾಯಚೂರಿನಲ್ಲೇ ಬಾಡಿಗೆಯ ಒಂದು ಕೋಣೆಯಲ್ಲಿ ಒಬ್ಬಳೇ ಇರುತ್ತೇನೆ. ಇದರಲ್ಲಿ ದುಃಖದ ಮಾತೇನಿಲ್ಲ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಆದರೆ ಹಬ್ಬದ ದಿನ ಕೂಡ ಬರೀ ಯಂತ್ರ ಕೆಟ್ಟಿದೆ ಎಂದೇ ಫೋನ್ ಬಂದಾಗ, ಮಾತು ಮುಗಿದ ಮೇಲೂ ಸ್ವಲ್ಪ ಹೊತ್ತು ಅದನ್ನು ಕೈಯಲ್ಲೇ ಹಿಡಿದುಕೊಂಡಿರುತ್ತೇನೆ.

ಆ ಎರಡು ಆಸ್ಪತ್ರೆಗಳಲ್ಲಿ ಒಂದರ ರಕ್ತನಿಧಿಯ ಸರ್ವರನ್ನು ಮೊದಲು ಕೂಡಿಸಿದವರು ಪ್ರಹ್ಲಾದರಾವ್ ಸರ್. ನಮ್ಮ ಮಾನ್ವಿಯವರೇ. ಮೊದಲು ಪ್ರಾಥಮಿಕ ಶಾಲೆಯಲ್ಲಿ ಗಣಿತ ಹೇಳುತ್ತಿದ್ದವರು, ಕಂಪ್ಯೂಟರಿನ ಹುಚ್ಚು ಹತ್ತಿ ಈ ಕಡೆ ಬಂದರು. ನನಗೆ ಕೆಲಸ ಕಲಿಸಿದವರು ಅವರೇ. ಹದಿನಾಲ್ಕು ವರ್ಷ ಆ ಸರ್ವರ್ ಇರುವ ಕಿಟಕಿಯಿಲ್ಲದ ಕೋಣೆಯಲ್ಲಿ ನಾವಿಬ್ಬರೂ ಜತೆಗೆ ದುಡಿದೆವು.

ಸರ್ವರ್ ದಿನವೂ ತಾನಾಗಿಯೇ ಏಳುತ್ತದೆ. ಏನಾದರೂ ಕೆಟ್ಟು ಹಟ ಹಿಡಿದಾಗ ಮಾತ್ರ ಕಪ್ಪು ಪರದೆಯಲ್ಲಿ ಅದರ ಹೆಸರು ಬರೆದು, ಇಂಥ ಕಡೆಯಿಂದ ಮಾಹಿತಿ ತಗೋ, ಕೆಟ್ಟದ್ದನ್ನು ಬಿಟ್ಟು ಉಳಿದದ್ದನ್ನಷ್ಟೇ ತೋರಿಸು ಎಂದು ಒಂದೊಂದೇ ಸೂಚನೆ ಕೊಟ್ಟು ಕೈಯಾರೆ ಎಬ್ಬಿಸಬೇಕು. ಪ್ರತಿ ಸೂಚನೆಯ ಮೊದಲಿಗೆ ಎರಡು ಸಣ್ಣ ಅಡ್ಡಗೆರೆ ಹಾಕಬೇಕು. ಒಂದು ಹಾಕಿದರೆ ನಡೆಯುವುದಿಲ್ಲ. ಎಲ್ಲರೂ ಅದಕ್ಕೆ ಡ್ಯಾಶ್ ಡ್ಯಾಶ್ ಅನ್ನುತ್ತಾರೆ. ಸರ್ ಮಾತ್ರ ಲೆಕ್ಕದ ಮಾಸ್ತರಲ್ಲವೇ, ನನ್ನ ಬೆನ್ನ ಹಿಂದೆ ನಿಂತು "ಗೆರಿ ಎರಡು ತಾಯಿ, ಗೆರಿ ಎರಡು" ಎನ್ನುತ್ತಿದ್ದರು. ಅದನ್ನು ಹಾಗೆ ಕರೆಯುವ ಇನ್ನೊಬ್ಬರನ್ನು ನಾನು ಈ ಕೆಲಸದಲ್ಲಿ ಕಂಡಿಲ್ಲ.

ನಿವೃತ್ತರಾದ ಮೇಲೂ ಅವರು ಬರುವುದು ಬಿಡಲಿಲ್ಲ. ಹೆಂಡತಿ ತೀರಿಕೊಂಡಿದ್ದರು, ಮಾನ್ವಿಯ ಮನೆಯಲ್ಲಿ ಒಬ್ಬರೇ. ದಿನ ಬಿಟ್ಟು ದಿನ ಬಸ್ಸು ಹತ್ತಿ ಬರುವರು, "ಊಟ ಆತೇನು ತಾಯಿ" ಎಂದು ಕೇಳುವರು, ಆಮೇಲೆ ನನ್ನ ಹಿಂದೆ ನಿಂತುಬಿಡುವರು. ಏನು ಟೈಪು ಮಾಡಿದರೂ ಒಂದು ಮಾತು. ಒಂದು ದಿನ ನನಗೆ ತಲೆ ಕೆಟ್ಟಿತ್ತು. ತಿರುಗಿಯೂ ನೋಡದೆ, "ಸರ್, ಕೈ ಮುಗೀತೀನಿ, ಹಿಂದ ನಿಂತು ಹೇಳಬ್ಯಾಡ್ರಿ. ನನಗ ಗೊತ್ತದ" ಎಂದುಬಿಟ್ಟೆ. "ಆತು ತಾಯಿ" ಎಂದರು. ಅಷ್ಟೇ. ಆಮೇಲೆ ಬರಲಿಲ್ಲ. ಕ್ಷಮೆ ಕೇಳಬೇಕು, ಇವತ್ತು ಫೋನ್ ಮಾಡಬೇಕು, ನಾಳೆ ಮಾಡಬೇಕು ಎನ್ನುತ್ತಲೇ ಎರಡು ತಿಂಗಳು ಕಳೆದವು. ಒಂದು ಬೆಳಗಿನ ಜಾವ ಅವರು ಮಾನ್ವಿಯಲ್ಲಿ ತೀರಿಕೊಂಡರು. ನಾನು ಹೇಳಬ್ಯಾಡ್ರಿ ಎಂದ ಆ ಮಾತು ಕೋಣೆಯಲ್ಲಿ ನಮ್ಮಿಬ್ಬರ ನಡುವೆಯೇ ಆದದ್ದು. ನಾನಂತೂ ಯಾರಿಗೂ ಹೇಳಿಲ್ಲ, ಹೇಳುವಂಥದ್ದೂ ಅಲ್ಲ.

ಆ ಭಾನುವಾರ ಬಂದದ್ದು ಅವರು ಹೋದ ಮೂರು ತಿಂಗಳಿಗೆ. ರಕ್ತನಿಧಿಯ ನರ್ಸ್ ಫೋನ್ ಮಾಡಿದಳು. ಬೆಳಿಗ್ಗೆ ಕರೆಂಟು ನಾಲ್ಕೈದು ಸಲ ಹೋಗಿ ಬಂದು ಸರ್ವರ್ ಬಿದ್ದಿದೆ. ದೇವದುರ್ಗದ ಕಡೆಯ ಗಬ್ಬೂರಿನಿಂದ ಬಂದ ಹುಲಿಗೆಮ್ಮ ಎಂಬ ಹೆಣ್ಣುಮಗಳಿಗೆ ಹೆರಿಗೆಯಾಗಿ ರಕ್ತ ನಿಲ್ಲುತ್ತಿಲ್ಲ. ಓ ನೆಗೆಟಿವ್ ಗುಂಪು. ಇದ್ದ ಒಂದೇ ಚೀಲ ಏರಿಸಿ ಆಗಿದೆ, ಇನ್ನೂ ಬೇಕು. ಆ ಗುಂಪಿನ ದಾನಿಗಳ ಹೆಸರು, ಫೋನ್ ನಂಬರು ಎಲ್ಲ ಸರ್ವರಿನಲ್ಲಿವೆ. ಕಾಗದದ ರಿಜಿಸ್ಟರು ಇಲ್ಲವೇ ಎಂದು ನೀವು ಕೇಳಬಹುದು. ಎರಡೆರಡು ಕಡೆ ಯಾಕೆ ಬರೆಯುತ್ತೀರಿ, ಅದನ್ನು ನಿಲ್ಲಿಸಿ ಎಂದು ಹಟ ಮಾಡಿ ನಿಲ್ಲಿಸಿದವಳು ನಾನೇ. ಮಾಹಿತಿಯ ಇನ್ನೊಂದು ಪ್ರತಿ ಕಪಾಟಿನಲ್ಲಿತ್ತು. ಕಪಾಟಿನ ಕೀಲಿಕೈ ಹೈದರಾಬಾದಿನ ಮದುವೆಗೆ ಹೋಗಿದ್ದ ರಕ್ತನಿಧಿಯ ಸಾಹೇಬರ ಜೇಬಿನಲ್ಲಿತ್ತು.

ಹೋಗಿ ಕೂತೆ. ಕೋಣೆಯ ಏಸಿ ಬಂದ್ ಆಗಿತ್ತು. ಬಾಗಿಲು ತೆರೆದಿಟ್ಟರೆ ಹೊರಗಿನ ಧಗೆ, ಮುಚ್ಚಿದರೆ ಒಳಗಿನ ಧಗೆ. ತೆರೆದೇ ಇಟ್ಟೆ. ಸ್ವಲ್ಪ ಹೊತ್ತಿಗೆ ಒಬ್ಬ ಬಂದು ಹೊಸ್ತಿಲಿನ ಆಚೆ ಕುಕ್ಕರಗಾಲಿನಲ್ಲಿ ಕೂತ. ಹುಲಿಗೆಮ್ಮನ ಗಂಡ, ಅಮರೇಶ. ಮೇಡಮ್ಮರು ಹೆಸರು ತೆಗೆದು ಕೊಡುತ್ತಾರೆ ಎಂದು ನರ್ಸ್ ಹೇಳಿದ್ದಳಂತೆ, ಅದನ್ನೇ ನಂಬಿ ಬಂದಿದ್ದ.

"ಅಕ್ಕಾರ, ಆಕಿ ಕಣ್ಣ ತಗಿವಲ್ಲಳ್ರಿ" ಎಂದ.

"ಮಾತಾಡಬ್ಯಾಡಪ್ಪ, ನನಗ ಕೆಲಸ ಮಾಡಾಕ ಬಿಡು" ಎಂದೆ. ಗಾಬರಿಗೆ ಹಾಗೆ ಸಿಡುಕಿದೆ. ಅವನು ಟವೆಲ್ಲು ಬಾಯಿಗೆ ಒತ್ತಿಕೊಂಡ.

ಇಂಥ ಹೊತ್ತಿಗೆ ಯಾವ ಸೂಚನೆ ಕೊಟ್ಟು ಎಬ್ಬಿಸಬೇಕು ಎಂಬುದನ್ನು ಸರ್ ಒಂದು ಫೈಲಿನಲ್ಲಿ ಟೈಪು ಮಾಡಿ ಇಟ್ಟಿದ್ದರು, ನಾನು ಅದನ್ನು ತೆರೆದದ್ದು ಅಂದೇ ಮೊದಲು. ಆ ಸಾಲನ್ನು ಅಲ್ಲಿಂದ ಎತ್ತಿ ಕಪ್ಪು ಪರದೆಗೆ ಹಾಕಿದೆ. ಇಂಥ ಸೂಚನೆ ನನಗೆ ಗೊತ್ತಿಲ್ಲ ಎಂದಿತು ಸರ್ವರ್. ಮತ್ತೆ ಹಾಕಿದೆ, ಮತ್ತೆ ಅದೇ. ಸೂಚನೆಗಳನ್ನು ಹಿಂದುಮುಂದು ಮಾಡಿ ನೋಡಿದೆ, ಒಂದೊಂದನ್ನೇ ತೆಗೆದು ನೋಡಿದೆ. ಸರ್ವರಿನ ಆವೃತ್ತಿ ಬದಲಾಗಿ ಇದು ನಡೆಯುತ್ತಿಲ್ಲ ಎಂದೇ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಮೊಬೈಲಿಗೆ ಆ ಕೋಣೆಯಲ್ಲಿ ಸಿಗ್ನಲ್ ಸಿಗುವುದಿಲ್ಲ. ಹೊರಗೆ ಹೋಗಿ ಯಾರನ್ನಾದರೂ ಕೇಳೋಣವೆಂದರೆ, ಕೇಳಬಹುದಾಗಿದ್ದ ಒಬ್ಬರು ಈಗಿಲ್ಲ. ಈ ಕೆಲಸಕ್ಕೆ ಬಂದ ಮೇಲೆ ನಾನು ಅಷ್ಟು ಒಂಟಿಯೆಂದು ಅನ್ನಿಸಿದ್ದು ಅದೇ ಮೊದಲು.

ಉಳಿದದ್ದು ಒಂದೇ ದಾರಿ. ಸರ್ವರ್ ತನ್ನ ಕೆಲಸದ ಜಾಡು ಬರೆದಿಟ್ಟುಕೊಳ್ಳುವ ಫೈಲುಗಳನ್ನು ಅಳಿಸಿ, ಅದು ಎದ್ದರೆ ಎದ್ದೀತು ಎಂದು ನೋಡುವುದು. ಸರ್ ಇದನ್ನು ಎಂದೂ ಮಾಡಬೇಡ ಎಂದಿದ್ದರು. ಮಾಡಿದರೆ ಇದ್ದ ಮಾಹಿತಿಯೂ ಹರಿದು ಚೂರಾಗುವ ಸಂಭವವೇ ಹೆಚ್ಚು. ಆದರೂ ಅಳಿಸುವ ಸಾಲು ಬರೆದೆ. ಇನ್ನು ಎಂಟರ್ ಒತ್ತುವುದಷ್ಟೇ.

"ಅಕ್ಕಾರ" ಎಂದ ಅಮರೇಶ, ಹೆದರಿ ಹೆದರಿ. "ಗೆರಿ ಎರಡು ಅಂತ್ರಿ."

ನನಗೆ ಅರ್ಥವಾಗಲಿಲ್ಲ. "ಏನು?"

"ಗೆರಿ ಎರಡು ಹಾಕಬೇಕಂತ. ನೀವು ಒಂದ ಹಾಕೀರಂತ. ಅವರು ಆವಾಗಿಂದ ಹೇಳಾಕತ್ತಾರಲ್ರೀ."

"ಯಾರು?"

"ಹಿರೇರು. ನಿಮ್ಮ ಹಿಂದ ನಿಂತಾರಲ್ರಿ, ಅವರು."

ತಿರುಗಿದೆ. ಹಿಂದೆ ಗೋಡೆ ಇತ್ತು. ಗೋಡೆಗೆ ತಾಗಿಸಿಟ್ಟ ಬ್ಯಾಟರಿಗಳು, ಅದರ ಪಕ್ಕ ಸರ್ ಕೂರುತ್ತಿದ್ದ ಹಳೆಯ ಪ್ಲಾಸ್ಟಿಕ್ ಕುರ್ಚಿ, ಅದರ ಮೇಲೆ ನನ್ನ ಚೀಲ. ಅಷ್ಟು ಬಿಟ್ಟರೆ ಏನೂ ಇಲ್ಲ. ಯಾವ ಸಪ್ಪಳವೂ ಕೇಳಲಿಲ್ಲ, ಯಾವ ತಂಪು ಗಾಳಿಯೂ ಸುಳಿಯಲಿಲ್ಲ. ಪರದೆಯ ಕಡೆ ತಿರುಗಿ, ಮೊದಲು ಹಾಕಿದ್ದ ಸಾಲನ್ನು ಅಕ್ಷರ ಅಕ್ಷರವಾಗಿ ನೋಡಿದೆ.

ಆಗ ಹೊಳೆಯಿತು. ಸರ್ ಆ ಸಾಲನ್ನು ಪತ್ರ ಬರೆಯುವ ತಂತ್ರಾಂಶದಲ್ಲಿ ಟೈಪು ಮಾಡಿದ್ದರು. ಎರಡು ಸಣ್ಣ ಗೆರೆ ಕಂಡರೆ ಆ ತಂತ್ರಾಂಶ ತನ್ನ ಜಾಣತನ ತೋರಿಸಿ ಎರಡನ್ನೂ ಕೂಡಿಸಿ ಒಂದು ಉದ್ದ ಗೆರೆ ಮಾಡಿಬಿಡುತ್ತದೆ. ಕಲಿಯಲು ಬಂದ ಮೊದಲ ವಾರದ ಹುಡುಗಿಯರು ಮಾಡುವ ತಪ್ಪು. ಅಳಿಸುವ ಸಾಲನ್ನು ತೆಗೆದುಹಾಕಿದೆ. ಇಡೀ ಸೂಚನೆಯನ್ನು ಕೈಯಿಂದಲೇ ಟೈಪು ಮಾಡಿದೆ, ಪ್ರತಿಯೊಂದರ ಮೊದಲಿಗೆ ಗೆರೆ ಎರಡು. ಎಂಟರ್ ಒತ್ತಿದೆ. ಸಾಲು ಸಾಲಾಗಿ ಅಕ್ಷರ ಹರಿದವು, ಸರ್ವರ್ ಎದ್ದಿತು.

ಪಟ್ಟಿ ತೆಗೆದು ನರ್ಸಿಗೆ ಕೊಟ್ಟೆ. ಏಳು ಹೆಸರಿದ್ದವು. ನಾಲ್ವರು ಊರಲ್ಲಿರಲಿಲ್ಲ, ಒಬ್ಬರು ಫೋನ್ ಎತ್ತಲಿಲ್ಲ. ಊರಿನಲ್ಲೇ ಇದ್ದ ಒಬ್ಬ ಹೆಣ್ಣುಮಗಳು ಆಟೋದಲ್ಲಿ ಬಂದಳು. ಮಟಮಾರಿಯ ಒಬ್ಬ ಶಾಲಾ ಮಾಸ್ತರು ಆ ಬಿಸಿಲಲ್ಲಿ ಬೈಕು ಓಡಿಸಿಕೊಂಡು ಬಂದರು. ಹುಲಿಗೆಮ್ಮ ಉಳಿದಳು. ನಾನು ಹೊರಗೆ ಬಂದು ಗೇಟಿನ ಕಾವಲುಗಾರನನ್ನು, ಯಾರಾದರೂ ವಯಸ್ಸಾದವರು ಒಳಗೆ ಬಂದಿದ್ದರೇನು ಎಂದು ಕೇಳಿದೆ. "ರಕ್ತ ಕೊಟ್ಟೋರನ್ನ ಬಿಟ್ರ ಈ ಬಿಸಲಾಗ ನಾಯಿ ಸೈತ ಬಂದಿಲ್ರಿ ಮೇಡಮ್ಮಾರ" ಎಂದ.

ನಾನು ಸುಮ್ಮನೆ ಒಪ್ಪಿಕೊಳ್ಳುವವಳಲ್ಲ ಎಂದೆನಲ್ಲ. ಅಂದು ರಾತ್ರಿಯಿಂದಲೇ ಲೆಕ್ಕ ಹಾಕತೊಡಗಿದೆ. ಗಾಬರಿಯಲ್ಲಿ ನಾನೇ ಗೆರಿ ಎರಡು ಎಂದು ಗೊಣಗಿರಬಹುದು, ಅವನು ಕೇಳಿಸಿಕೊಂಡಿರಬಹುದು. ಬಿಸಿಲಿಗೆ, ಹಸಿವಿಗೆ, ಹೆದರಿಕೆಗೆ ಅವನ ಕಣ್ಣು ಮಂಜಾಗಿ ಏನನ್ನೋ ಕಂಡಿರಬಹುದು. ಇದೇ ಸರಿ ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಮನಸ್ಸು ತಣ್ಣಗಾಗಲಿಲ್ಲ. ಮಳೆ ಶುರುವಾದ ಮೇಲೆ ಒಂದು ದಿನ, ಬಾಣಂತಿಯನ್ನು ನೋಡಿ ಬರುವ ನೆವ ಮಾಡಿಕೊಂಡು ದೇವದುರ್ಗದ ಬಸ್ಸು ಹತ್ತಿ ಗಬ್ಬೂರಿನಲ್ಲಿ ಇಳಿದೆ.

ಹುಲಿಗೆಮ್ಮ ಕೂಸನ್ನು ನನ್ನ ತೊಡೆಯ ಮೇಲೆ ಹಾಕಿದಳು. ಹೆಣ್ಣುಕೂಸು. ಚಹಾ ಆದ ಮೇಲೆ ನಾನು ಆ ಹಿರಿಯರ ಮಾತು ತೆಗೆದೆ. ಅವರು ಹೇಗಿದ್ದರು ಎಂದು ಕೇಳಿದೆ.

"ತೆಳ್ಳಗ ಇದ್ರಿ, ಕನ್ನಡಕ ಹಾಕಿದ್ರು. ನಿಮ್ಮ ದೊಡ್ಡ ಸಾಹೇಬ್ರು ಅನಕೊಂಡೆ" ಎಂದ ಅಮರೇಶ.

ತೆಳ್ಳಗೆ, ಕನ್ನಡಕ. ರಾಯಚೂರು ಜಿಲ್ಲೆಯ ನಿವೃತ್ತ ಮಾಸ್ತರುಗಳಲ್ಲಿ ಅರ್ಧ ಜನ ಹಾಗೇ ಇರುತ್ತಾರೆ. ನನಗೆ ಒಳಗೊಳಗೇ ಹಗುರವಾಯಿತು, ಹೇಳಬೇಕೆಂದರೆ ಸ್ವಲ್ಪ ನಿರಾಸೆಯೂ ಆಯಿತು. ಏಳುವ ಮೊದಲು ಸುಮ್ಮನೆ ಒಂದು ಮಾತು ಕೇಳಿದೆ. ನನ್ನ ಹಿಂದೆಯೇ ನಿಂತಿದ್ದರೆ ಅದನ್ನು ನನಗೇ ಹೇಳಬೇಕಿತ್ತಲ್ಲ, ನಿನಗೇಕೆ ಹೇಳಿದರು?

ಅವನು ಕೂಸಿನ ಕಡೆ ನೋಡುತ್ತ ಹೇಳಿದ. "ನಾನೂ ಅದನ್ನ ಮೆಲ್ಲಕ, ನಿಮಗ ಕೇಳಿಸಲಾರದಂಗ ಕೇಳಿದ್ನಿರಿ. 'ಆಕಿ ಹೇಳಬ್ಯಾಡ ಅಂದಾಳ, ನೀ ಹೇಳಪಾ' ಅಂದ್ರು."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಬರುವಾಗ ಅತ್ತೆ. ಪಕ್ಕದಲ್ಲಿ ಕೂತ ಅಜ್ಜಿ ಏನೂ ಕೇಳದೆ ನನ್ನ ಕೈಗೆ ಎರಡು ಪೇರಲಹಣ್ಣು ಹಾಕಿದಳು. ಇದಕ್ಕೂ ನಾನು ಒಂದು ಕಾರಣ ಹುಡುಕಿದ್ದೇನೆ. ಆ ದಿನ ಅಮರೇಶನಿಗೂ ನಾನು ಮಾತಾಡಬ್ಯಾಡ ಎಂದು ಸಿಡುಕಿದ್ದೆ, ಅವನ ತಲೆಯಲ್ಲಿ ಅದೂ ಇದೂ ಕೂಡಿಕೊಂಡು ಹೀಗೆ ಆಗಿರಬಹುದು. ಆಗಿರಲೂಬಹುದು. ಬೇರೆ ಯಾರಾದರೂ ಬಂದು ಹೇಳಿದ್ದರೆ ನಾನು ಇದನ್ನೇ ಉತ್ತರವೆಂದು ಕೊಟ್ಟು ಕಳಿಸುತ್ತಿದ್ದೆ. ನನಗೆ ನಾನು ಕೊಟ್ಟುಕೊಂಡರೆ ಅದು ಸಾಲುತ್ತಿಲ್ಲ.

ರಕ್ತನಿಧಿಯಲ್ಲಿ ಈಗ ಮತ್ತೆ ಕಾಗದದ ರಿಜಿಸ್ಟರು ಶುರು ಮಾಡಿಸಿದ್ದೇನೆ. ಆ ಕೋಣೆಗೆ ಹೋದರೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಚೀಲ ಇಡುವುದಿಲ್ಲ. ಸರ್ವರ್ ಕೈಯಾರೆ ಎಬ್ಬಿಸುವ ಪ್ರಸಂಗ ಬಂದರೆ ಮೊದಲ ಗೆರೆ ಒತ್ತಿ, ಎರಡನೆಯದನ್ನು ಒತ್ತುವ ಮೊದಲು ಸ್ವಲ್ಪ ತಡೆಯುತ್ತೇನೆ. ಹಿಂದೆ ತಿರುಗುವುದಿಲ್ಲ. ತಿರುಗಿದರೆ ಯಾರೂ ಇರುವುದಿಲ್ಲ ಎಂದು ಗೊತ್ತಿದೆ. "ಹೇಳ್ರಿ ಸರ್" ಎನ್ನುತ್ತೇನೆ.

ಇಲ್ಲಿಯವರೆಗೆ ಏನೂ ಕೇಳಿಸಿಲ್ಲ. ಬೇಡ ಎಂದವಳು ನಾನೇ ಅಲ್ಲವೇ.